ಹಳೆ ಕಪಾಟಿನ ಪೈಂಟಿಗೆ ಇನ್ನು ಎರಡು ದಿನ ಜಾಸ್ತಿ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಈ ಚೌತಿ ಕಳೆದ ಮೇಲೆ ಹಿಡಿಯುವ ಕೆಲಸಕ್ಕೆ ಒಂದು ಬದಲಾವಣೆ ಇದೆ. ಪೈಂಟ್ ಇರುವ ಹಳೆ ಕಪಾಟಿಗೆ ಮತ್ತೆ ಪೈಂಟ್ ಮಾಡುವುದಾದರೆ ಮೊದಲು ಸ್ಯಾಂಡ್ ಪೇಪರ್ ಹಿಡಿದು ಉಜ್ಜಿಯೇ ಮಾಡುತ್ತೇವೆ. "ಉಜ್ಜುವುದೆಲ್ಲ ಬೇಡ, ಮೇಲಿಂದ ಒಂದು ಕೋಟ್ ಎಳೆದುಬಿಡಿ" ಎಂದರೆ ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಮೂರು ದಿನದ ಕೆಲಸಕ್ಕೆ ಐದು ದಿನ ಹಿಡಿಯುತ್ತದೆ. ಉಜ್ಜುವ ಕೂಲಿ ಬಿಲ್ಲಿನಲ್ಲಿ ಬೇರೆ ಬರುತ್ತದೆ.

ಕಾರಣ ನಮ್ಮದೇ ತಪ್ಪು. ಹೋದ ವರ್ಷ ಕುಂಬಳೆ ಹತ್ತಿರದ ಒಂದು ಮನೆಯಲ್ಲಿ ಮದುವೆಗೆ ನಾಲ್ಕೇ ದಿನ ಇತ್ತು. ಅಡಿಗೆಕೋಣೆಯ ಕಪಾಟನ್ನು ಒದ್ದೆ ಬಟ್ಟೆಯಲ್ಲಿ ಒರಸಿ, ಮಿಂಚುವ ಹಳೆ ಎನಾಮಲ್ ಪೈಂಟಿನ ಮೇಲೆಯೇ ಹೊಸದು ಹೊಡೆದೆವು. ಮದುವೆಗೆ ಚಂದವೇ ಕಂಡಿತು. ಎರಡು ತಿಂಗಳಿಗೆ ಫೋನ್ ಬಂತು. ಹೋದಾಗ ಆ ಮನೆಯ ಅಮ್ಮ ಬಾಗಿಲಿಗೆ ಅಂಟಿಸಿದ್ದ ಟೇಪನ್ನು ನಮ್ಮ ಎದುರೇ ಎಳೆದರು. ಅಂಗೈಯಷ್ಟು ಪೈಂಟ್ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಹಳೆಯದು ಹಾಗೇ ಮಿಂಚುತ್ತಿತ್ತು. ಅವರು ಬೈಯಲಿಲ್ಲ, ಚಾ ಕೊಟ್ಟರು. ಬೈದಿದ್ದರೇ ವಾಸಿ ಇತ್ತು. ಅಷ್ಟನ್ನೂ ದುಡ್ಡಿಲ್ಲದೆ ಮತ್ತೆ ಮಾಡಿಕೊಟ್ಟೆವು.

ಉಜ್ಜುವುದೆಂದರೆ ಹಳೆ ಪೈಂಟನ್ನು ಪೂರ್ತಿ ಕೀಳುವುದಲ್ಲ. ಗಟ್ಟಿಯಾಗಿ ಕೂತದ್ದನ್ನು ಕೀಳುವುದು ಸುಮ್ನೆ ದಂಡ. ಮಿಂಚು ಸತ್ತು, ಹೊಸ ಪೈಂಟಿಗೆ ಹಿಡಿದುಕೊಳ್ಳಲು ಸಣ್ಣ ಗೀರು ಸಿಕ್ಕಿದರೆ ಸಾಕು. ಮೊದಲ ದಿನ ತೊಳೆಯುವುದು ಮಾತ್ರ. ಒಲೆಯ ಮೇಲಿನ ಕಪಾಟಿನಲ್ಲಿ ಒಗ್ಗರಣೆಯ ಜಿಡ್ಡು ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು ಅಲ್ವಾ? ಅದನ್ನು ತೆಗೆಯದೆ ಉಜ್ಜಿದರೆ ಜಿಡ್ಡು ಗೀರಿನೊಳಗೇ ಕೂರುತ್ತದೆ. ಆಮೇಲೆ ಸಿಪ್ಪೆ ಎದ್ದ ಕಡೆ 120 ನಂಬರ್ ಪೇಪರ್, ಉಳಿದ ಕಡೆ 180 (ನಂಬರ್ ಏರಿದಷ್ಟು ಪೇಪರ್ ನಯ). ಗುಂಡಿಗೆ ತುಂಬಿದ ಪುಟ್ಟಿ ಒಣಗಿದ ಮೇಲೆ 220. ಉಜ್ಜುವ ಮೊದಲು ಬಾಗಿಲ ತುಂಬ ಪೆನ್ಸಿಲಿನಲ್ಲಿ ಗೀಚಿರುತ್ತೇವೆ, ಹೆದರಬೇಡಿ. ಆ ಗೀಟು ಎಲ್ಲ ಹೋದರೆ ಯಾವ ಮೂಲೆಯೂ ತಪ್ಪಿಲ್ಲ ಎಂದು ಲೆಕ್ಕ.

ಇನ್ನೊಂದು ಮಾತು, ಇದು ಧೂಳಿನದ್ದು. ಮನೆಗೆ ಬಳಿಯುವ ಪೈಂಟಿನಲ್ಲಿ ಸೀಸ (ಲೆಡ್) 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು, ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆ ಪೈಂಟಿನಲ್ಲಿ ಸೀಸ ಜಾಸ್ತಿ ಇರಬಹುದು. ಅದರ ಧೂಳು ಮಕ್ಕಳಿಗೂ ಬಸುರಿಯರಿಗೂ ಒಳ್ಳೆಯದಲ್ಲ. ಹಾಗಾಗಿ ಅಂಥ ಕಪಾಟಿಗೆ ಒಣ ಪೇಪರ್ ಇಲ್ಲ, ಮಿಶಿನ್ನೂ ಇಲ್ಲ. ನೀರಿಗೆ ಹಾಳಾಗದ ವಾಟರ್ ಪೇಪರನ್ನು ಒದ್ದೆ ಮಾಡಿ ಕೈಯಲ್ಲೇ ಉಜ್ಜುತ್ತೇವೆ. ಪ್ಲೈವುಡ್ಡಿನ ಅಂಚಿಗೆ ನೀರು ಇಳಿದರೆ ಉಬ್ಬುತ್ತದೆ, ಅಲ್ಲಿ ನಿಧಾನವೇ. ಬಾಗಿಲುಗಳನ್ನು ಬದಿಯಡ್ಕದ ನಮ್ಮ ಶೆಡ್ಡಿಗೆ ತರುತ್ತೇವೆ. ಚೌಕಟ್ಟನ್ನು ಮನೆಯಲ್ಲೇ ಉಜ್ಜಬೇಕು. ಆ ದಿನ ಮಕ್ಕಳನ್ನು ನೆಂಟರ ಮನೆಗೆ ಕಳುಹಿಸಿ. ಬಿದ್ದ ಪುಡಿಯನ್ನು ನೀವು ಗುಡಿಸಬೇಡಿ, ನಾವೇ ಒದ್ದೆ ಬಟ್ಟೆಯಲ್ಲಿ ಒರಸುತ್ತೇವೆ.

ಜೂನ್, ಜುಲೈಯಲ್ಲಿ ಕಪಾಟಿನ ಕೆಲಸ ಇರುವುದಿಲ್ಲ. ಆ ಮಳೆಗೆ ನಮ್ಮೂರಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮರ ಎಲ್ಲಿಂದ ಒಣಗಬೇಕು?

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆ ರೇಟೇ, ಕೆಲಸ ಮಾತ್ರ ಹೊಸ ಕ್ರಮದಲ್ಲಿ. ಕಪಾಟು ಎಷ್ಟು ವರ್ಷದ್ದು ಎಂದು ಮೊದಲೇ ಹೇಳಿ, ಸಾಮಾನು ಖಾಲಿ ಮಾಡಿಡಿ. ಬಾಗಿಲು ಮಾತ್ರ ನೀವು ಬಿಚ್ಚಬೇಡಿ. ಯಾವುದು ಎಲ್ಲಿಯದೆಂದು ಹೊಂದಿಸಲು ಒಮ್ಮೆ ಅರ್ಧ ದಿನ ಹೋಗಿದೆ.

ಇತಿ,
ನಿಮ್ಮ ಪೈಂಟಿನವರು, ಬದಿಯಡ್ಕ