‘ಏನೂ ಇಲ್ಲ ಸರ್’

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಮಿಕ್ಕ ಸಂಗತಿ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ. ನಿನ್ನ ಪತ್ರದ ಒಂದೇ ಸಾಲು ನನ್ನನ್ನು ಕೊರೆಯುತ್ತಿದೆ. ಮೆಡಿಕಲ್ ರೆಪ್ ಆಗಿ ನಿನ್ನ ಕಂಪನಿಯ ಮಾತ್ರೆ ಪರಿಚಯಿಸುವಾಗ ಡಾಕ್ಟರು ಸೈಡ್ ಎಫೆಕ್ಟ್ ಕೇಳಿದರೆ ‘ಏನೂ ಇಲ್ಲ ಸರ್’ ಅಂದುಬಿಟ್ಟೆ ಎಂದು ಬರೆದಿದ್ದೀಯಲ್ಲ, ಅದು.

ಆ ಮಾತು ಆಡುವಂಥದ್ದೇ ಅಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಯುಸಿಪಿಎಂಪಿ, ಅಂದರೆ ಔಷಧ ಕಂಪನಿಗಳು ಪ್ರಚಾರದಲ್ಲಿ ಪಾಲಿಸಬೇಕಾದ ಸಂಹಿತೆ, ತೆಗೆದು ನೋಡು: ಅಡ್ಡಪರಿಣಾಮವೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಕೂಡದು, ‘ಸೇಫ್’ ಅಂತ ಸುಮ್ಮನೆ ಅನ್ನಕೂಡದು. ದೇಶದಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ಸಿಗುತ್ತಿರುವುದನ್ನು ‘ಹೊಸದು’ ಅನ್ನುವಂತೆಯೂ ಇಲ್ಲ. ನಿನ್ನ ಮ್ಯಾನೇಜರ್‌ಗೆ ಇದು ಗೊತ್ತಿರುತ್ತದೆ. ತಿಂಗಳ ಕೊನೆಗೆ, ಟಾರ್ಗೆಟ್ ಮುಟ್ಟಿಸುವ ಹೊತ್ತಿಗೆ, ಮರೆತಿರುತ್ತದೆ.

ನಮ್ಮ ಕಾಲದ ನೋವಿನ ಮಾತ್ರೆ ರೋಫೆಕಾಕ್ಸಿಬ್ ನೆನಪಾಗುತ್ತದೆ. ಹೊಟ್ಟೆಗೆ ಹಿತ ಅನ್ನುವುದೇ ಅದರ ಹೆಗ್ಗಳಿಕೆ. ಅದನ್ನು ನ್ಯಾಪ್ರಾಕ್ಸೆನ್ ಎಂಬ ಹಳೆಯ ನೋವಿನ ಮಾತ್ರೆಗೆ ಹೋಲಿಸಿದ 2000ದ ವಿಗರ್ ಅಧ್ಯಯನದಲ್ಲಿ ಹೃದಯಾಘಾತ ನ್ಯಾಪ್ರಾಕ್ಸೆನ್ ನುಂಗಿದವರಲ್ಲಿ ಶೇ 0.1, ರೋಫೆಕಾಕ್ಸಿಬ್ ನುಂಗಿದವರಲ್ಲಿ ಶೇ 0.4. ಅದಕ್ಕೆ ಕಂಪನಿ ಕೊಟ್ಟ ವಿವರಣೆ, ನ್ಯಾಪ್ರಾಕ್ಸೆನ್ನೇ ಹೃದಯ ಕಾಯುತ್ತದೆ ಎಂದು! ಮೂಲ ಕಂಪನಿ ರೋಫೆಕಾಕ್ಸಿಬ್ ಅನ್ನು ಮಾರುಕಟ್ಟೆಯಿಂದ ಹಿಂತೆಗೆದದ್ದು 2004ರ ಸೆಪ್ಟೆಂಬರ್‌ನಲ್ಲಿ. ನಿನ್ನ ಹಾಗೇ ರೆಪ್ ಆಗಿ ಬ್ಯಾಗು ಹೊತ್ತ ನಾವು ಯಾರೂ ಆ ಅಂಕಿ ಏನೆಂದು ಕೇಳಲಿಲ್ಲ. ಕೇಳಬೇಕಿತ್ತು.

ಡಾಕ್ಟರಿಗೆ ತೋರಿಸುವ ನಿನ್ನ ವಿಷುವಲ್ ಏಡ್‌ನಲ್ಲಿ ‘ಶೇ 50 ಇಳಿಕೆ’ ಎಂದಿದ್ದರೆ ಕೆಳಗಿನ ಸಣ್ಣಕ್ಷರ ಓದು. ನೂರರಲ್ಲಿ ಇಬ್ಬರಿಗಾಗುತ್ತಿದ್ದುದು ಒಬ್ಬರಿಗಾದರೂ ಅದು ಶೇ 50 ಇಳಿಕೆಯೇ; ಆ ಒಬ್ಬರಿಗೋಸ್ಕರ ನೂರು ಮಂದಿ ನುಂಗಬೇಕು. ದೊಡ್ಡಕ್ಷರದಲ್ಲಿ ಲಾಭ ಶೇಕಡಾದಲ್ಲಿರುತ್ತದೆ, ಅಪಾಯ ‘ಅಪರೂಪ’ ಎಂಬ ಒಂದು ಪದದಲ್ಲಿ ಮುಗಿದಿರುತ್ತದೆ.

ಮತ್ತೆ ಆ ‘ಏನೂ ಇಲ್ಲ’ಕ್ಕೇ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಗೊತ್ತಿಲ್ಲದ್ದನ್ನು ‘ಕೇಳಿ ತಿಳಿಸುತ್ತೇನೆ ಸರ್’ ಅಂದರೆ ಮರ್ಯಾದೆ ಹೋಗುವುದಿಲ್ಲ. ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಂಡು ಕಂಪನಿಯ ಮೆಡಿಕಲ್ ವಿಭಾಗಕ್ಕೆ ಕಳಿಸು, ಉತ್ತರ ಬರಹದಲ್ಲೇ ಬರಲಿ. ರೋಗಿಗೆ ತೊಂದರೆಯಾಯಿತೆಂದು ಡಾಕ್ಟರು ಹೇಳಿದರೆ ರೋಗಿಯ ಇನಿಷಿಯಲ್, ವಯಸ್ಸು, ಔಷಧ, ಬ್ಯಾಚ್ ನಂಬರ್, ಏನಾಯಿತು, ಯಾವಾಗ ಶುರುವಾಯಿತು, ಇಷ್ಟನ್ನು ಗುರುತು ಹಾಕಿ ಅಂದೇ ಮೇಲಕ್ಕೆ ಕಳಿಸು. ಔಷಧದಿಂದಲೇ ಆಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ನಿನ್ನ ಕೆಲಸವಲ್ಲ. ಡಾಕ್ಟರು ತಾವೇ ಅಡ್ಡಪರಿಣಾಮ ವರದಿ ಮಾಡುವ ಸರ್ಕಾರಿ ಸಹಾಯವಾಣಿ 1800-180-3024ಕ್ಕೆ ಫೋನ್ ಮಾಡಬಹುದು.

ಸ್ಯಾಂಪಲ್ ಕೊಟ್ಟು ಸರಿಮಾಡುವ ಯೋಚನೆ ಬೇಡ. ಅದೇ ಸಂಹಿತೆಯಲ್ಲಿ ಒಬ್ಬ ಡಾಕ್ಟರಿಗೆ ಒಂದು ಔಷಧದ ಸ್ಯಾಂಪಲ್‌ಗೆ ವರ್ಷದ ಮಿತಿಯೇ 12 ಪ್ಯಾಕ್.

ಹೇಳುವ ಅಧಿಕಾರ ನನಗೆಷ್ಟಿದೆಯೋ. ಆದರೂ ನಾಳೆಯೇ ಹೋಗು, ಮಾತ್ರೆಯ ಪ್ಯಾಕಿನಲ್ಲಿ ಬರುವ ಮಾಹಿತಿ ಹಾಳೆ (ಇನ್ಸರ್ಟ್) ಹಿಡಿದುಕೊಂಡು. ‘ಮೊನ್ನೆ ತಪ್ಪು ಹೇಳಿದೆ ಸರ್’ ಅನ್ನು. ಬೈದರೆ ಬೈಸಿಕೊ. ಅಷ್ಟರಲ್ಲಿ ಆ ಮಾತ್ರೆ ಎಷ್ಟು ರೋಗಿಗಳ ಔಷಧ ಚೀಟಿಗೆ ಹೋಗಿದೆಯೋ ಎಂಬುದೊಂದೇ ನನ್ನ ಚಿಂತೆ.

ನಿನ್ನ ಮಾವ