ಕ್ಲಿಪ್ ಜಾಸ್ತಿ ಇದ್ದರೆ ಅದು ನನ್ನ ತಪ್ಪಾ? ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಫೋನಿನಲ್ಲಿ ಮರ್ಯಾದೆಯಿಂದ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯಬಹುದು ಎಂದು ನಿಮ್ಮ ಬೆಂಗಳೂರು ಕಚೇರಿಯವರೇ ಹೇಳಿದರು. ಇಷ್ಟು ದಿನದಲ್ಲಿ ನನಗೆ ಸಿಕ್ಕ ಸಹಾಯ ಅದೊಂದೇ.

ನಾನು ಶಿವಮೊಗ್ಗದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ನಿಮ್ಮ ಸಾಫ್ಟ್‌ವೇರ್‌ಗೆ ವರ್ಷದ ಚಂದಾ ಕಟ್ಟಿದ್ದೇನೆ. ಎರಡು ದಿನದ ಮದುವೆ ಅಂದರೆ ಸ್ಟೇಜಿನ ಮುಂದೆ ಟ್ರೆಡಿಷನಲ್ ಕ್ಯಾಮೆರಾ, ಸಹಜ ಕ್ಷಣ ಹಿಡಿಯುವ ಇಬ್ಬರು ಕ್ಯಾಂಡಿಡ್‌ನವರು, ಮೇಲೊಂದು ಡ್ರೋನ್, ಎಲ್ಲ ಸೇರಿ 3,000ಕ್ಕೂ ಹೆಚ್ಚು ಕ್ಲಿಪ್. ಕ್ಯಾಂಡಿಡ್‌ನವರು ಐದೈದು ಸೆಕೆಂಡಿನದ್ದೇ ತೆಗೆಯುತ್ತಾರೆ, ಆಗ ಇಷ್ಟು ಆಗೇ ಆಗುತ್ತದೆ. ಅಷ್ಟನ್ನೂ ನೋಡಿ, ವರಪೂಜೆ, ಧಾರೆ, ಊಟ, ಆರತಕ್ಷತೆ ಅಂತ ಬಿನ್ (ಸಾಫ್ಟ್‌ವೇರ್ ಒಳಗಿನ ಫೋಲ್ಡರ್) ಮಾಡಿ, ಚೆನ್ನಾಗಿರುವುದಕ್ಕೆ ಹಸಿರು, ಅಲುಗಾಡಿದ್ದಕ್ಕೆ ಕೆಂಪು ಲೇಬಲ್ ಹಾಕಿದ ಮೇಲೇ ಎಡಿಟಿಂಗ್ ಶುರು. ಈ ಕೆಲಸಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಆದರೆ ಇದಿಲ್ಲದೆ ಮುಂದೆ ಏನೂ ಆಗುವುದಿಲ್ಲ.

ನಿಮ್ಮ ಹೊಸ ಅಪ್‌ಡೇಟ್ ಬಂದ ಮೇಲೆ ಡಿಸ್ಕ್ ತುಂಬಿತೆಂದು ಫುಟೇಜನ್ನು ಫೋಲ್ಡರ್ ಸಮೇತ ಬೇರೆ ಡಿಸ್ಕಿಗೆ ಹಾಕಿದೆ. ಕ್ಲಿಪ್ ಜೋಡಿಸಿದ ಟೈಮ್‌ಲೈನ್ ಪೂರ್ತಿ ‘ಮೀಡಿಯಾ ಆಫ್‌ಲೈನ್’, ಅಂದರೆ ಫೈಲ್ ಸಿಗುತ್ತಿಲ್ಲ. ಅದೇನೂ ತೊಂದರೆ ಇಲ್ಲ, ಜಾಗ ಬದಲಾದರೆ ಯಾವ ಸಾಫ್ಟ್‌ವೇರ್ ಆದರೂ ಕೇಳುತ್ತದೆ. ಫೈಲ್‌ಗಳನ್ನು ಹೊಸ ಜಾಗದಲ್ಲಿ ಹುಡುಕಿ ಮತ್ತೆ ಜೋಡಿಸಲು ರೀಲಿಂಕ್ ಕೊಟ್ಟೆ, ಕ್ಷಣದಲ್ಲಿ ಎಲ್ಲ ಸಿಕ್ಕಿತು. ಖುಷಿಯಾಗಿ ಪ್ಲೇ ಒತ್ತಿದರೆ ಮಾಂಗಲ್ಯಧಾರಣೆಯ ಜಾಗದಲ್ಲಿ ಊಟದ ಹಾಲ್ ಬಂತು! ಆಡಿಯೋ ಬೇರೆ ರೆಕಾರ್ಡರಿನದ್ದು, ಅದು ಸರಿಯಾಗೇ ಇತ್ತು. ಹಾಗಾಗಿ ಹಿಂದೆ ಗಟ್ಟಿಮೇಳ ಜೋರಾಗಿ ನಡೆಯುತ್ತಿದೆ, ಮುಂದೆ ಯಾರೋ ಹಿರಿಯರ ಎಲೆಗೆ ಸಾಂಬಾರ್ ಬೀಳುತ್ತಿದೆ.

ಕಾರಣ ನಿಮಗೆ ಗೊತ್ತಿರಲೇಬೇಕು. ನಮ್ಮ ಮೂರೂ ಕ್ಯಾಮೆರಾ ಕ್ಲಿಪ್‌ಗಳಿಗೆ ಸಿ0001 ಇಂದಲೇ ಹೆಸರು ಕೊಡುತ್ತವೆ, ಹೊಸ ಕಾರ್ಡ್ ಹಾಕಿದರೆ ಮತ್ತೆ ಸಿ0001. ಅಂದಮೇಲೆ ಒಂದೇ ಮದುವೆಯಲ್ಲಿ ಸಿ0041 ಹೆಸರಿನವು ಎಷ್ಟೋ ಇರುತ್ತವೆ. ಹೆಸರಿನ ಜೊತೆ ಟೈಮ್‌ಕೋಡ್ (ಕ್ಲಿಪ್‌ನಲ್ಲಿ ದಾಖಲಾಗುವ ಸಮಯದ ಗುರುತು), ಅವಧಿ ಎರಡನ್ನೂ ಹೋಲಿಸಿಯೇ ರೀಲಿಂಕ್ ಮಾಡುತ್ತೇವೆ ಎಂದು ನಿಮ್ಮ ಕೈಪಿಡಿಯಲ್ಲೇ ಬರೆದಿದ್ದೀರಿ. ಹೊಸ ಅಪ್‌ಡೇಟ್ ಬರೀ ಹೆಸರು ನೋಡಿ ಮೊದಲು ಸಿಕ್ಕಿದ್ದನ್ನು ತಂದು ಹಾಕಿದೆ. ಜೊತೆಗೆ ನಾನು ಹಾಕಿದ ಲೇಬಲ್ ಎಲ್ಲ ಮಾಯ.

ಈಗ ನಿಮ್ಮ ಸಹಾಯವಾಣಿಯ ಕಥೆ ಕೇಳಿ. ಅವತ್ತು ಸ್ಟುಡಿಯೋದಲ್ಲಿ ಹುಡುಗಿಯ ಸೋದರಮಾವ ಡ್ರಾಫ್ಟ್ ನೋಡಲು ಬಂದು ಕೂತಿದ್ದರು. ಮೌಸ್ ಹಿಡಿಯಬೇಕಲ್ಲ, ಫೋನ್ ಸ್ಪೀಕರಿನಲ್ಲಿತ್ತು.

“ಪ್ರಾಜೆಕ್ಟ್‌ನಲ್ಲಿ ಎಷ್ಟು ಕ್ಲಿಪ್ ಇದೆ ಸರ್?” ಎಂದರು ನಿಮ್ಮವರು.

“ಮೂರು ಸಾವಿರದ ಮೇಲಿದೆ.”

ನಕ್ಕರು. ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ನಕ್ಕರು. “ಒಂದು ಮದುವೆಗೆ ಅಷ್ಟೊಂದಾ? ಬೇಡದ್ದನ್ನ ಡಿಲೀಟ್ ಮಾಡಿ ಸರ್.”

“ಯಾವುದು ಬೇಡ ಅಂತ ಗುರುತು ಹಾಕಿದ್ದೆ. ಆ ಗುರುತನ್ನೇ ನಿಮ್ಮ ಅಪ್‌ಡೇಟ್ ಅಳಿಸಿರೋದು.”

ಹೋಲ್ಡ್. ಸಂಗೀತ. ಸೋದರಮಾವ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಆಮೇಲೆ ವಾಪಸ್ ಬಂದು, “ಎಲ್ಲ ಕ್ಲಿಪ್ ರೀನೇಮ್ ಮಾಡಿ ಸರ್, ಸರಿಹೋಗುತ್ತೆ” ಎಂದರು. ಕಾರ್ಡಿನಿಂದ ಬಂದ ಫೈಲಿನ ಹೆಸರು ಬದಲಿಸಬೇಡಿ, ಅದರ ಜೊತೆಗೆ ಕ್ಲಿಪ್ ವಿವರ ಇರುವ ಎಕ್ಸ್‌ಎಂಎಲ್ ಫೈಲಿನ ಸಂಬಂಧ ತಪ್ಪುತ್ತದೆ ಎಂದು ನಿಮ್ಮ ಕೈಪಿಡಿಯೇ ಹೇಳುತ್ತದಲ್ಲ ಎಂದೆ. ಯಾವ ಪುಟ ಎಂದು ಕೇಳಿದರು. ಓದಿ ಹೇಳಿದೆ. ಅದು ಹಳೇ ವರ್ಷನ್ನಿನದು ಎಂದರು. ಇಲ್ಲ, ಈ ಅಪ್‌ಡೇಟಿನ ಜೊತೆಗೇ ಬಂದಿದ್ದು ಎಂದು ಮೇಲಿನ ಸಾಲನ್ನೂ ಓದಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ನಂತರ ಬಂತು ನೋಡಿ ಪ್ರಶ್ನೆ:

“ಸರ್, ನೀವು ಪ್ರೊಫೆಷನಲ್ಲಾ, ಇಲ್ಲ ಹವ್ಯಾಸಕ್ಕೆ ಮಾಡ್ತೀರಾ?”

ಸೋದರಮಾವ ಕ್ಯಾಲೆಂಡರ್ ಬಿಟ್ಟು ನನ್ನನ್ನೇ ನೋಡಿದರು. “ನಾನೂ ಅದನ್ನೇ ಕೇಳಬೇಕು ಅಂತಿದ್ದೆ” ಎಂದರು. ಉಳಿದ ಅಡ್ವಾನ್ಸ್ ಆಮೇಲೆ ನೋಡೋಣ ಎಂದು ಎದ್ದು ಹೋದರು. ನಾನು ಇನ್ನೂ ಲೈನಿನಲ್ಲಿ ಇರುವಾಗಲೇ ಮೊಬೈಲಿಗೆ ಮೆಸೇಜ್ ಬಂತು, ‘ನಿಮ್ಮ ದೂರು ಪರಿಹಾರವಾಗಿದೆ’. ಎಂಥ ವೇಗ! ಇದರಲ್ಲಿ ಅರ್ಧ ವೇಗ ನಿಮ್ಮ ರೆಂಡರ್‌ಗೆ ಇದ್ದಿದ್ದರೆ ನಾನು ದೂರನ್ನೇ ಕೊಡುತ್ತಿರಲಿಲ್ಲ.

ಕ್ಲಿಪ್‌ಗೆ ಮಿತಿ ಇದೆ ಎಂದು ಮಾರುವಾಗ ಎಲ್ಲಾದರೂ ಹೇಳಿದ್ದೀರಾ? ‘ಎಷ್ಟು ದೊಡ್ಡ ಪ್ರಾಜೆಕ್ಟ್ ಆದರೂ ಸಲೀಸು’ ಅಂತ ಅಲ್ವಾ ಜಾಹೀರಾತಿನಲ್ಲಿ ಹಾಕಿರೋದು? ದೊಡ್ಡ ಪ್ರಾಜೆಕ್ಟ್ ಅಂದರೆ ನಿಮ್ಮ ಲೆಕ್ಕದಲ್ಲಿ ಎಷ್ಟು, ಮಗುವಿನ ನಾಮಕರಣವಾ?

ನನಗೆ ಬೇಕಾಗಿರುವುದು ಇಷ್ಟು. ಹಳೇ ವರ್ಷನ್ನಿನ ಇನ್‌ಸ್ಟಾಲರ್ ಕೊಡಿ, ನಿಮ್ಮ ಹೊಸದರಲ್ಲಿ ಸೇವ್ ಆದ ಪ್ರಾಜೆಕ್ಟ್ ಅದರಲ್ಲಿ ತೆರೆಯುವ ದಾರಿ ತೋರಿಸಿ, ಲೇಬಲ್‌ಗಳನ್ನು ವಾಪಸ್ ತರಿಸಿ. ಆಗದಿದ್ದರೆ ಚಂದಾ ಹಣ ಪೂರ್ತಿ ಹಿಂದಿರುಗಿಸಿ. ಮುಂದಿನ ಸೋಮವಾರ ಸಂಜೆಯವರೆಗೆ ಕಾಯುತ್ತೇನೆ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಬೆಂಗಳೂರಿನಲ್ಲಿದ್ದರೇನು, ನಾನಿರುವ ಊರಿನಲ್ಲೇ ದೂರು ಹಾಕಬಹುದು, ಲಾಯರ್ ಬೇಕೆಂದಿಲ್ಲ. ವ್ಯಾಪಾರಕ್ಕೆ ಕೊಂಡವನು ಗ್ರಾಹಕನೇ ಅಲ್ಲ ಎಂದು ನಿಮ್ಮ ಕಡೆಯವರು ಶುರು ಮಾಡಬಹುದು. ಸ್ವಂತ ದುಡಿಮೆಯಿಂದ ಬದುಕು ನಡೆಸಲು ಕೊಂಡವನು ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ, ಓದಿಕೊಂಡೇ ಬರೆಯುತ್ತಿದ್ದೇನೆ. ಇನ್ನೊಂದು ವಿಷಯ, ನಮ್ಮ ಜಿಲ್ಲೆಯ ಫೋಟೋಗ್ರಾಫರ್‌ಗಳ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಚಂದಾದಾರರು ಬಹಳ ಜನ ಇದ್ದಾರೆ. ನಿಮ್ಮ ಸಾಫ್ಟ್‌ವೇರ್ ಬಿಟ್ಟು ಬೇರೆಯದಕ್ಕೆ ಪ್ರಾಜೆಕ್ಟ್ ಸಾಗಿಸುವುದು ಹೇಗೆಂದು ಅವರಿಗೆ ತೋರಿಸುವ ವಿಡಿಯೋ ಆಗಲೇ ಶೂಟ್ ಮಾಡಿದ್ದೇನೆ. ಹತ್ತೇ ಕ್ಲಿಪ್, ನಿಮ್ಮ ಸಾಫ್ಟ್‌ವೇರ್‌ಗೂ ಭಾರ ಆಗುವುದಿಲ್ಲ.

ಇತಿ,
ನಿಮ್ಮ ಚಂದಾದಾರ, ಸದ್ಯಕ್ಕೆ
ಶಿವಮೊಗ್ಗ