ಬೋಮಾಂಟ್ ಮಕ್ಕಳು: ಶಂಕಿತನಿಗೆ ಮೊದಲು ಆ ಒಂದು ಪೌಂಡ್ ನೋಟು

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1966ರ ಜನವರಿ 26ರಂದು ಕಾಣೆಯಾದ ಬೋಮಾಂಟ್ ಮನೆತನದ ಮೂವರು ಮಕ್ಕಳ ಪ್ರಕರಣ ಸುದ್ದಿಗೆ ಬಂದಾಗಲೆಲ್ಲ ಬರಹಗಳು ಯಾರೋ ಒಬ್ಬ ಶಂಕಿತನ ಹೆಸರು ಹಿಡಿದುಕೊಂಡೇ ಹೊರಡುತ್ತವೆ. ಅವನು ಎಂಥ ಕ್ರೂರಿ, ಎಲ್ಲಿ ವಾಸವಾಗಿದ್ದ ಎನ್ನುವುದರಲ್ಲೇ ಪುಟ ಮುಗಿಯುತ್ತದೆ. ಮಕ್ಕಳು ಕಡಲತೀರದಿಂದ ಹೋದದ್ದು ಹೇಗೆ ಎನ್ನುವುದು ಹಿಂದೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ಕೊಡಲಾರದ ಊಹೆ ಎಷ್ಟು ರೋಚಕವಾಗಿದ್ದರೂ ಪ್ರಯೋಜನಕ್ಕೆ ಬಾರದು.

ಗಟ್ಟಿಯಾಗಿ ತಿಳಿದಿರುವುದು ಇಷ್ಟು. ಒಂಬತ್ತು, ಏಳು ಮತ್ತು ನಾಲ್ಕು ವರ್ಷದ ಮಕ್ಕಳು ಸೋಮರ್ಟನ್ ಪಾರ್ಕ್‌ನ ಮನೆಯಿಂದ ಸುಮಾರು ಮೂರು ಕಿಲೋಮೀಟರ್ ದೂರದ ಗ್ಲೆನೆಲ್ಗ್ ತೀರಕ್ಕೆ ಬಸ್ಸಿನಲ್ಲಿ ಹೋದರು. ಮಧ್ಯಾಹ್ನ ಹನ್ನೆರಡರ ಬಸ್ಸಿಗೆ ಮರಳಬೇಕಿತ್ತು, ಬರಲಿಲ್ಲ. ತೀರದ ಪಕ್ಕದ ಕಾಲಿ ರಿಸರ್ವ್ ಹುಲ್ಲುಹಾಸಿನಲ್ಲಿ ಎತ್ತರದ, ತೆಳ್ಳಗಿನ, ಹೊಂಗೂದಲಿನ ಗಂಡಸೊಬ್ಬನ ಜೊತೆ ಅವರು ಆಡುತ್ತಿದ್ದುದನ್ನು ಹಲವರು ಕಂಡಿದ್ದರು.

ಮುಳುಗಿ ಸತ್ತಿರಬೇಕೆಂಬ ಊಹೆಯನ್ನು ಮೊದಲು ಬದಿಗಿಡಬಹುದು. ಬಟ್ಟೆ, ಟವೆಲ್, ಚೀಲ ಸೇರಿ ಮಕ್ಕಳ ಬಳಿ ಒಟ್ಟು 17 ವಸ್ತುಗಳಿದ್ದವು. ಈಜಲು ಇಳಿದವರ ಸಾಮಾನು ದಡದಲ್ಲೇ ಇರಬೇಕಿತ್ತು. ಒಂದೂ ಸಿಗಲಿಲ್ಲ. ಬಲವಂತವಾಗಿ ಎತ್ತಿಕೊಂಡು ಹೋದರೆನ್ನುವುದೂ ಕಷ್ಟ. ಅದು ಸುಡುಬಿಸಿಲಿನ ದಿನ, ತೀರದ ತುಂಬ ಜನ. ಒಬ್ಬನೇ ಮೂವರನ್ನು ಎಳೆದೊಯ್ದರೆ ಒಬ್ಬರಾದರೂ ಕೂಗಿಕೊಳ್ಳುತ್ತಿದ್ದರು, ನೋಡಿದ ಯಾರಾದರೂ ಹೇಳುತ್ತಿದ್ದರು.

ಇನ್ನು ಹಣದ ವಿಷಯ. ಇಡೀ ಪ್ರಕರಣದಲ್ಲಿ ಕೈಗೆ ಸಿಗುವ ಸುಳಿವು ಇದೊಂದೇ ಎಂದು ನನ್ನ ಭಾವನೆ. ತಾಯಿ ಕೊಟ್ಟಿದ್ದು ಬಸ್ಸಿಗೂ ಊಟಕ್ಕೂ ಸೇರಿ ಎಂಟು ಶಿಲ್ಲಿಂಗ್ ಆರು ಪೆನ್ಸ್, ಅದೂ ಚಿಲ್ಲರೆ. ಆದರೆ ಹತ್ತಿರದ ಬೇಕರಿಯಲ್ಲಿ ದೊಡ್ಡ ಹುಡುಗಿ ಪೇಸ್ಟಿಗಳ ಜೊತೆಗೆ ಒಂದು ಮಾಂಸದ ಪೈ ಕೊಂಡು, ಒಂದು ಪೌಂಡಿನ ನೋಟು ಕೊಟ್ಟಳು. ಪೌಂಡೆಂದರೆ ಇಪ್ಪತ್ತು ಶಿಲ್ಲಿಂಗ್, ಮನೆಯಿಂದ ತಂದದ್ದರ ಎರಡು ಪಟ್ಟಿಗೂ ಹೆಚ್ಚು. ಮಕ್ಕಳ ಪರಿಚಯವಿದ್ದ ಅಂಗಡಿಯವರ ಪ್ರಕಾರ ಅವರು ಅದಕ್ಕೂ ಮುಂಚೆ ಮಾಂಸದ ಪೈ ಕೊಂಡವರೇ ಅಲ್ಲ. ಇದರ ಪಕ್ಕದಲ್ಲಿ ಇನ್ನೊಂದು ಸಾಕ್ಷ್ಯವನ್ನಿಡಿ: ಅದೇ ಗಂಡಸು ಹುಲ್ಲುಹಾಸಿನಲ್ಲಿದ್ದವರ ಬಳಿ ಬಂದು, ನಮ್ಮ ಹಣ ಕಾಣುತ್ತಿಲ್ಲ, ಸಾಮಾನಿನ ಹತ್ತಿರ ಯಾರಾದರೂ ಸುಳಿದರೇ ಎಂದು ವಿಚಾರಿಸಿದ್ದ. ಮಕ್ಕಳ ಚಿಲ್ಲರೆ ಹೋಯಿತೆಂದರೆ ಬಸ್ಸಿನ ದುಡ್ಡೂ ಹೋದಂತೆ. ಆಮೇಲೆ ಊಟವಾಗಲಿ ಮನೆ ಸೇರುವುದಾಗಲಿ, ನೋಟು ಕೊಟ್ಟವನನ್ನೇ ನೆಚ್ಚಬೇಕು. ಹಣವನ್ನು ಅವನೇ ತೆಗೆದಿಟ್ಟ ಎನ್ನಲು ಪುರಾವೆಯಿಲ್ಲ, ಆದರೆ ಗಲಾಟೆಯೇ ಇಲ್ಲದೆ ಮಕ್ಕಳು ಅವನ ಹಿಂದೆ ನಡೆದದ್ದೇಕೆ ಎಂಬುದನ್ನು ಇಷ್ಟು ಸರಳವಾಗಿ ವಿವರಿಸುವ ಊಹೆ ಬೇರೊಂದಿಲ್ಲ. ಅಕ್ಕನಿಗೆ ತೀರದಲ್ಲಿ ಗೆಳೆಯನೊಬ್ಬನಿದ್ದಾನೆ ಎಂದು ತಂಗಿ ಮೊದಲೇ ತಾಯಿಗೆ ಹೇಳಿದ್ದಳು. ತಾಯಿ ಅದನ್ನು ಆಟದ ಜೊತೆಗಾರನೆಂದು ತಿಳಿದಿದ್ದರು. ಹಾಗಾದರೆ ಪರಿಚಯ ಅಂದಿನದಲ್ಲ, ಹಿಂದಿನ ಭೇಟಿಗಳಲ್ಲೇ ಬೆಳೆದದ್ದು.

ಕಗ್ಗಂಟಾಗುವುದು ಗಡಿಯಾರದಲ್ಲಿ. ಆ ಗಂಡಸಿನೊಂದಿಗೆ ಮಕ್ಕಳು ತೀರ ಬಿಟ್ಟದ್ದು ಸುಮಾರು 12.15ಕ್ಕೆ. ಅವರನ್ನು ಚೆನ್ನಾಗಿ ಬಲ್ಲ ಅಂಚೆಯವರು ಮಾತ್ರ ಸುಮಾರು ಮೂರು ಗಂಟೆಗೆ ಜೆಟ್ಟಿ ರಸ್ತೆಯಲ್ಲಿ ನಗುತ್ತಾ ಹೋಗುತ್ತಿದ್ದ ಮೂವರನ್ನೇ ಕಂಡೆ ಎಂದರು, ಆಮೇಲೆ ಅದು ಬೆಳಿಗ್ಗೆಯೂ ಇರಬಹುದು ಎಂದರು. ಮೂರು ಗಂಟೆ ನಿಜವಾದರೆ ಮಕ್ಕಳು ಎರಡೂಮುಕ್ಕಾಲು ಗಂಟೆ ಎಲ್ಲೋ ಹತ್ತಿರದಲ್ಲೇ, ಹೆದರಿಕೆಯಿಲ್ಲದೆ ಇದ್ದರು; ಆಗ ಆ ಗಂಡಸಿನ ಮನೆ ನಡೆದು ಮುಟ್ಟುವಷ್ಟು ಹತ್ತಿರದಲ್ಲಿತ್ತು ಎಂಬ ಊಹೆಗೆ ಬಲ. ಬೆಳಿಗ್ಗೆಯೆಂದಾದರೆ 12.15ರ ನಂತರ ಅವರು ಯಾರ ಕಣ್ಣಿಗೂ ಬಿದ್ದಿಲ್ಲ, ಕಾರಿನಲ್ಲಿ ಕರೆದೊಯ್ದ ಎಂಬ ಊಹೆಯೇ ಮುಂದೆ ಬರುತ್ತದೆ. ಎರಡನ್ನೂ ಕಲಸಿ ಒಂದೇ ಕಥೆ ಮಾಡುವವರೇ ಹೆಚ್ಚು.

1973ರ ಆಗಸ್ಟ್ 25ರಂದು ಅಡಿಲೇಡ್ ಓವಲ್‌ನಿಂದ ಕಾಣೆಯಾದ ಹನ್ನೊಂದು ಮತ್ತು ನಾಲ್ಕು ವರ್ಷದ ಹುಡುಗಿಯರ ಪ್ರಕರಣವನ್ನು, ಶಂಕಿತನ ರೇಖಾಚಿತ್ರ ಹೋಲುತ್ತದೆ ಎಂಬ ಕಾರಣಕ್ಕೆ ಇದಕ್ಕೆ ಜೋಡಿಸುತ್ತಾರೆ. ತೆಳ್ಳನೆಯ ಮುಖದ ಉದ್ದನೆಯ ಗಂಡಸರು ಆ ನಗರದಲ್ಲಿ ಸಾವಿರಾರು. ಓವಲ್‌ನಿಂದ ಹೊರಬಿದ್ದ ಹುಡುಗಿಯರು ಕಂಗಾಲಾಗಿದ್ದುದನ್ನು ದಾರಿಯಲ್ಲಿ ಕಂಡವರಿದ್ದಾರೆ. ಗ್ಲೆನೆಲ್ಗ್‌ನಲ್ಲಿ ಅಂಥದ್ದೇನೂ ಕಾಣಲಿಲ್ಲ. ಒಂದೇ ಕೈಯ ಕೆಲಸ ಎನ್ನುವವರು ಈ ವ್ಯತ್ಯಾಸಕ್ಕೆ ಉತ್ತರ ಹೇಳಬೇಕು.

ಹೆಸರಿನಿಂದ ಶುರುಮಾಡಿದರೆ ಏನಾಗುತ್ತದೆ ಎನ್ನುವುದನ್ನು ಮಕ್ಕಳಿಗಾಗಿ ನಡೆಸಿದ ಅಗೆತಗಳು ತೋರಿಸಿವೆ. 1966ರ ನವೆಂಬರ್‌ನಲ್ಲಿ ನೆದರ್ಲೆಂಡ್ಸ್‌ನಿಂದ ಬಂದ, ದಿವ್ಯದೃಷ್ಟಿಯವನೆಂದು ಹೆಸರಾಗಿದ್ದ ಜೆರಾರ್ಡ್ ಕ್ರೊಯ್ಸೆಟ್ ಒಂದು ಗೋದಾಮಿನ ನೆಲ ತೋರಿಸಿದ. ಜನ ಚಂದಾ ಎತ್ತಿ ಅಗೆಸಿದರು, ಏನೂ ಸಿಗಲಿಲ್ಲ. ಶಂಕಿತನೊಬ್ಬನದಾಗಿದ್ದ, ಅಡಿಲೇಡ್‌ನ ನಾರ್ತ್ ಪ್ಲಿಂಪ್ಟನ್‌ನ ಹಳೆಯ ಕಾರ್ಖಾನೆಯ ನೆಲವನ್ನು 2013, 2018, 2025ರಲ್ಲಿ ಮೂರು ಬಾರಿ ಅಗೆದರು. ಮಕ್ಕಳು ಕಾಣೆಯಾದ ವಾರದ ಕೊನೆಯಲ್ಲಿ ಅಲ್ಲಿ ಗುಂಡಿ ತೋಡಿದ್ದೆವೆಂದು ಇಬ್ಬರು ಸೋದರರು ಹೇಳಿದ್ದು ಎಷ್ಟೋ ದಶಕಗಳ ನಂತರ. 2018ರಲ್ಲಿ ಉಪಕರಣಗಳು ಮಣ್ಣು ಕದಡಿರುವುದನ್ನು ತೋರಿಸಿದ್ದವು, ಸಿಕ್ಕಿದ್ದು ಪ್ರಾಣಿಗಳ ಮೂಳೆ. ಇಂಥ ಉಪಕರಣ ಹೇಳುವುದು ಮಣ್ಣು ಕದಡಿದೆ ಎಂದಷ್ಟೇ, ಕದಡಿದವರು ಯಾರು, ಏಕೆ ಎಂದಲ್ಲ. ಕಾರ್ಖಾನೆಯ ಹಿತ್ತಲಲ್ಲಿ ಕಸದ ಗುಂಡಿ ಇರುವುದು ಸಹಜ. 1968ರಲ್ಲಿ ಹೆತ್ತವರಿಗೆ ಹಿರಿಯ ಮಗಳ ಹೆಸರಿನಲ್ಲಿ ಬಂದ ಪತ್ರಗಳೂ ಅಷ್ಟೇ. ಮಕ್ಕಳನ್ನು ಒಪ್ಪಿಸುತ್ತೇವೆಂದ ಜಾಗದಲ್ಲಿ ಅವರು ಕಾದು ಬರಿಗೈಯಲ್ಲಿ ಮರಳಿದರು. ಪತ್ರ ಬರೆದದ್ದು ಆಗ ಹದಿಹರೆಯದವನಾಗಿದ್ದ ಒಬ್ಬ ಎಂದು ಬೆರಳಚ್ಚಿನಿಂದ 1992ರಲ್ಲಿ ಗೊತ್ತಾಯಿತು. ಆ ತಂದೆತಾಯಿ ಆ ದಿನ ಪಟ್ಟ ಪಾಡನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ಈ ಪ್ರಕರಣದ ಬಗ್ಗೆ ಮುಂದೆ ಬರೆಯಿಸುವಾಗ ಪ್ರತಿ ಸಾಕ್ಷ್ಯದ ಪಕ್ಕದಲ್ಲಿ ಅದನ್ನು ಹೇಳಿದ ವರ್ಷವನ್ನೂ ಅಚ್ಚು ಮಾಡಿಸಿ. ಆ ವಾರವೇ ಪೊಲೀಸರಿಗೆ ಹೇಳಿದ್ದು ಯಾವುದು, ಸುಳಿವು ಕೊಟ್ಟವರಿಗೆ ಬಹುಮಾನ ಹತ್ತು ಲಕ್ಷ ಡಾಲರಿಗೆ ಏರಿದ ಮೇಲೆ ಹೇಳಿದ್ದು ಯಾವುದು ಎಂಬುದು ಓದುಗರಿಗೆ ಕಾಣಲಿ.